ಊರಿಗೊಂದು ನೀರು, ನೀರಿಗೊಂದು ಬಿಯರ್



ನಿಮ್ಮಲ್ಲಿ ಕೆಲವರು ಮುಂದೆ ಓದಿಗೆಂದೋ ಉದ್ಯೋಗಕ್ಕೆಂದೋ ಹೊರದೇಶಗಳಿಗೆ ಹೋಗುವವರಿದ್ದೀರಿ. ಹಾಗೆ ಹೋದ ನಮ್ಮವರು ಮೊದಲ ವಾರವೇ ಹುಡುಕುವುದು ಏನನ್ನು? ಅಕ್ಕಿ, ತೊಗರಿಬೇಳೆ, ಕಾಫಿಪುಡಿ. ಸಿಕ್ಕಿದರೂ ‘ನಮ್ಮೂರಿನ ರುಚಿ ಬರಲಿಲ್ಲ’ ಎಂಬ ಮಾತು ತಪ್ಪದು. ಊರು ಬಿಟ್ಟ ಬೆಲ್ಜಿಯಂನವರದು, ಜರ್ಮನರದು, ಇಂಗ್ಲಿಷರದು ಇಂಥದೇ ಇನ್ನೊಂದು ದೂರು: ‘ಇಲ್ಲಿ ಅಂಗಡಿ ತುಂಬ ಬಿಯರ್ ಬಾಟಲಿಗಳಿವೆ, ಬಣ್ಣಬಣ್ಣದ ಚೀಟಿಗಳಿವೆ, ರುಚಿ ಮಾತ್ರ ಎಲ್ಲದಕ್ಕೂ ಒಂದೇ.’

ಇಂದು ನಾವು ಈ ದೂರನ್ನೇ ಸ್ವಲ್ಪ ಬಿಡಿಸಿ ನೋಡೋಣ. ಇದು ಕುಡಿತಕ್ಕೆ ಆಹ್ವಾನವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬಿಯರ್‌ನಲ್ಲಿ ಆಲ್ಕೋಹಾಲ್ ಇದೆ. ಆಲ್ಕೋಹಾಲ್ ಇರುವ ಪಾನೀಯಗಳನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಸೇರಿಸಿದೆ. ಆದರೂ ಇದರ ಬಗ್ಗೆ ತಿಳಿಯಬೇಕು. ಏಕೆಂದರೆ ಒಂದು ಊರಿನ ನೀರು, ಹವೆ, ಸೂಕ್ಷ್ಮಜೀವಿ, ಕಾನೂನು, ಜನರ ನೆನಪು ಇವೆಲ್ಲ ಸೇರಿ ಒಂದು ಪದಾರ್ಥಕ್ಕೆ ಹೇಗೆ ರುಚಿ ಕೊಡುತ್ತವೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ಬೇರೆ ಸಿಗುವುದು ಕಷ್ಟ. ಆ ರುಚಿ ಒಂದೇ ತಲೆಮಾರಿನಲ್ಲಿ ಹೇಗೆ ಕಾಣೆಯಾಗಬಹುದು ಎಂಬುದಕ್ಕೂ ಇದೇ ಉದಾಹರಣೆ.

ಬಿಯರ್‌ಗೆ ಬೇಕಾದುದು ನಾಲ್ಕೇ ವಸ್ತು: ಧಾನ್ಯ, ನೀರು, ಹಾಪ್ಸ್ ಎಂಬ ಬಳ್ಳಿಯ ಹೂ ಮತ್ತು ಯೀಸ್ಟ್ ಎಂಬ ಸೂಕ್ಷ್ಮಜೀವಿ. ಧಾನ್ಯವೆಂದರೆ ಸಾಮಾನ್ಯವಾಗಿ ಬಾರ್ಲಿ, ಅಂದರೆ ನಮ್ಮ ಜವೆಗೋಧಿ. ಅದನ್ನು ನೆನೆಹಾಕಿ, ಮೊಳಕೆ ಬರಿಸಿ, ಬಿಸಿ ಗಾಳಿಯಲ್ಲಿ ಒಣಗಿಸುತ್ತಾರೆ. ಇದೇ ಮಾಲ್ಟ್. ನಮ್ಮ ಮನೆಗಳಲ್ಲಿ ಮಕ್ಕಳ ಗಂಜಿಗಾಗಿ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಹುರಿದು ಹಿಟ್ಟು ಮಾಡುವುದನ್ನು ನೀವು ನೋಡಿರಬಹುದು. ಕೆಲಸ ಅದೇ. ಮೊಳಕೆಯೊಡೆಯುವಾಗ ಕಾಳಿನೊಳಗೆ ಕಿಣ್ವಗಳು ಹುಟ್ಟುತ್ತವೆ. ಅವು ಪಿಷ್ಟವನ್ನು ಒಡೆದು ಸಕ್ಕರೆಯಾಗಿ ಮಾಡುತ್ತವೆ. ಮಾಲ್ಟನ್ನು ಬಿಸಿನೀರಿನಲ್ಲಿ ಕಲಸಿಟ್ಟರೆ ಸಿಹಿಯಾದ ರಸ ಬರುತ್ತದೆ. ಅದನ್ನು ಹಾಪ್ಸ್ ಹಾಕಿ ಕುದಿಸಿದರೆ ಕಹಿಯೂ ಪರಿಮಳವೂ ಸೇರುತ್ತವೆ, ಬೇಗ ಕೆಡದಂಥ ಗುಣವೂ ಬರುತ್ತದೆ. ಆರಿದ ಮೇಲೆ ಯೀಸ್ಟ್ ಬೆರೆಸಿದರೆ ಅದು ಸಕ್ಕರೆಯನ್ನು ತಿಂದು ಆಲ್ಕೋಹಾಲನ್ನೂ ಇಂಗಾಲದ ಡೈ ಆಕ್ಸೈಡನ್ನೂ ಬಿಡುತ್ತದೆ.

ಮಾಲ್ಟನ್ನು ಹದವಾಗಿ ಒಣಗಿಸಿದರೆ ಬಿಯರ್ ಹೊಂಬಣ್ಣಕ್ಕೆ ಬರುತ್ತದೆ. ಕಾಫಿಬೀಜದಂತೆ ಕಪ್ಪಗೆ ಹುರಿದರೆ ಕಪ್ಪಾಗುತ್ತದೆ. ಜರ್ಮನಿಯ ಬಾಂಬರ್ಗ್ ಊರಿನಲ್ಲಿ ಬೀಚ್ ಮರದ ಸೌದೆಯ ಹೊಗೆಯಲ್ಲಿ ಮಾಲ್ಟನ್ನು ಒಣಗಿಸುವ ಪದ್ಧತಿ ಉಳಿದುಕೊಂಡಿದೆ. ಅಲ್ಲಿನ ಬಿಯರ್‌ಗೆ ಹೊಗೆಯ ವಾಸನೆಯೇ ಹೆಗ್ಗುರುತು. ಇಷ್ಟು ಕಡಿಮೆ ವಸ್ತುಗಳಿಂದ ಇಷ್ಟು ಬಗೆ ಹೇಗೆ ಹುಟ್ಟಿತು ಎಂದು ಕೇಳಿದರೆ, ಉತ್ತರಕ್ಕೆ ಮೊದಲು ಬಾವಿಯ ಕಡೆ ನೋಡಬೇಕು.

ಬಿಯರ್‌ನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಇರುವುದು ನೀರು. ಇಂಗ್ಲೆಂಡಿನ ಬರ್ಟನ್ ಅಪಾನ್ ಟ್ರೆಂಟ್ ಎಂಬ ಊರಿನ ಬಾವಿಗಳ ನೀರಿನಲ್ಲಿ ಜಿಪ್ಸಮ್, ಅಂದರೆ ಕ್ಯಾಲ್ಸಿಯಂ ಸಲ್ಫೇಟ್, ಹೇರಳವಾಗಿ ಕರಗಿದೆ. ಇಂಥ ಗಡಸು ನೀರಿನಲ್ಲಿ ಹಾಪ್ಸ್‌ನ ಕಹಿ ತೀಕ್ಷ್ಣವಾಗಿ, ಶುಭ್ರವಾಗಿ ಬರುತ್ತದೆ. 19ನೆಯ ಶತಮಾನದಲ್ಲಿ ಇಲ್ಲಿಂದ ಭಾರತದಲ್ಲಿದ್ದ ಇಂಗ್ಲಿಷರಿಗೆ ಹಡಗಿನಲ್ಲಿ ಹೋಗುತ್ತಿದ್ದ ಬಿಯರ್‌ಗೆ ‘ಇಂಡಿಯಾ ಪೇಲ್ ಏಲ್’ ಎಂಬ ಹೆಸರು ಬಿತ್ತು. ನಮ್ಮ ದೇಶದ ಹೆಸರು ಹೊತ್ತ ಬಿಯರ್ ಹುಟ್ಟಿದ್ದು ಹೀಗೆ. ಪರದೇಶದಲ್ಲಿ ಕುಳಿತು ತಮ್ಮೂರಿನ ಬಿಯರ್‌ಗಾಗಿ ಹಂಬಲಿಸಿದವರ ಕಥೆ ಅಷ್ಟು ಹಳೆಯದು!

ಲಂಡನ್ ಮತ್ತು ಡಬ್ಲಿನ್ ನಗರಗಳ ನೀರಿನ ಸ್ವಭಾವ ಬೇರೆ. ಅದರಲ್ಲಿ ಕಾರ್ಬೊನೇಟ್ ಲವಣಗಳು ಹೆಚ್ಚು. ನೀರು ಕ್ಷಾರದ ಕಡೆಗೆ ವಾಲುತ್ತದೆ. ಕಪ್ಪಗೆ ಹುರಿದ ಮಾಲ್ಟ್‌ಗೆ ಆಮ್ಲಗುಣವಿರುವುದರಿಂದ ಅದು ಈ ಕ್ಷಾರವನ್ನು ಸರಿದೂಗಿಸುತ್ತದೆ. ಅಲ್ಲಿ ಪೋರ್ಟರ್, ಸ್ಟೌಟ್ ಎಂಬ ಕಪ್ಪು ಬಿಯರ್‌ಗಳು ಚೆನ್ನಾಗಿ ಒದಗಿ ಬಂದುದಕ್ಕೆ ಇದೂ ಒಂದು ಕಾರಣ. ಪಿಎಚ್ ಎಂಬ ಮಾಪಕ 1909ರವರೆಗೆ ಇರಲೇ ಇಲ್ಲ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಸೋರೆನ್ಸನ್ ಎಂಬ ವಿಜ್ಞಾನಿ ಅದನ್ನು ರೂಪಿಸಿದರು. ನಿಮ್ಮ ರಸಾಯನಶಾಸ್ತ್ರದ ಪುಸ್ತಕದಲ್ಲಿರುವ ಪಿಎಚ್ ಅದೇ. ಅದಕ್ಕೆ ಮುಂಚಿನ ಜನ ನಾಲಿಗೆಯಿಂದಲೇ ಹದ ಕಂಡುಕೊಂಡಿದ್ದರು.

ಈಗ ಇದಕ್ಕೆ ತದ್ವಿರುದ್ಧವಾದ ನೀರು. ಈಗಿನ ಚೆಕ್ ಗಣರಾಜ್ಯದ ಪಿಲ್ಸೆನ್ ಊರಿನ ನೀರಿನಲ್ಲಿ ಲವಣಗಳು ತೀರ ಕಡಿಮೆ. 1838ರಲ್ಲಿ ಆ ಊರಿನವರು ತಮ್ಮ ಬಿಯರ್ ಕೆಟ್ಟಿದೆಯೆಂದು ಸಿಟ್ಟಾಗಿ ಪೀಪಾಯಿಗಟ್ಟಲೆ ಬಿಯರನ್ನು ಪುರಭವನದ ಮುಂದೆ ಚೆಲ್ಲಿದರು. ಬಳಿಕ ಊರವರೇ ಸೇರಿ ಹೊಸ ಬ್ರೂವರಿ ಕಟ್ಟಿ, ಪಕ್ಕದ ಬವೇರಿಯದಿಂದ ಯೋಸೆಫ್ ಗ್ರೋಲ್ ಎಂಬವನನ್ನು ಕರೆಸಿದರು. 1842ರಲ್ಲಿ ಅವನು ಅಲ್ಲಿನ ಮೆದು ನೀರು, ಹದವಾಗಿ ಒಣಗಿಸಿದ ಮಾಲ್ಟ್, ಹತ್ತಿರದ ಜಾಟೆಟ್ಸ್ ಸೀಮೆಯ ಹಾಪ್ಸ್ ಸೇರಿಸಿ ತಯಾರಿಸಿದ ಬಿಯರ್ ಹೊಂಬಣ್ಣದ್ದಾಗಿ ತಿಳಿಯಾಗಿತ್ತು. ಅದೇ ಪಿಲ್ಸ್‌ನರ್. ಇಂದು ಜಗತ್ತಿನ ಹೆಚ್ಚಿನ ದೊಡ್ಡ ಕಂಪನಿಗಳ ಬಿಯರ್‌ಗಳು ಇದರ ದೂರದ ಸಂತಾನ.

ನೀರಾಯಿತು. ಇನ್ನು ಹವೆ ಮತ್ತು ಸೂಕ್ಷ್ಮಜೀವಿಗಳ ವಿಚಾರ.

ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ದೋಸೆ ಹಿಟ್ಟು ಬೇಗ ಉಬ್ಬುವುದಿಲ್ಲ. ಮಂಗಳೂರಿನ ಏಪ್ರಿಲ್‌ನಲ್ಲಿ ಬೆಳಗಾಗುವುದರೊಳಗೆ ಹುಳಿಬಂದು ಪಾತ್ರೆ ಮೀರುತ್ತದೆ. ಬಿಯರ್‌ಗೂ ಹಾಗೆಯೇ. ಒಂದು ಜಾತಿಯ ಯೀಸ್ಟ್ ಸುಮಾರು 15ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚುರುಕಾಗಿ ಕೆಲಸಮಾಡಿ ಹಣ್ಣಿನ ಪರಿಮಳ ಕೊಡುತ್ತದೆ. ಇದು ‘ಏಲ್’ ಬಗೆ. ಇನ್ನೊಂದು ಯೀಸ್ಟ್ ಅದಕ್ಕಿಂತ ತಂಪಾದ ಜಾಗದಲ್ಲಿ ನಿಧಾನವಾಗಿ ಕೆಲಸಮಾಡುತ್ತದೆ; ಆಮೇಲೆ ಬಿಯರನ್ನು ವಾರಗಟ್ಟಲೆ ತಣ್ಣಗೆ ಇಡಬೇಕು. ಇದು ‘ಲಾಗರ್’. ಜರ್ಮನ್ ಭಾಷೆಯಲ್ಲಿ ಈ ಮಾತಿಗೆ ದಾಸ್ತಾನು ಎಂದರ್ಥ. ಬವೇರಿಯದ ನೆಲಮಾಳಿಗೆಗಳ ತಂಪು ಈ ಬಗೆಯನ್ನು ಬೆಳೆಸಿತು. ಲಾಗರ್ ಯೀಸ್ಟ್ ಎರಡು ಜಾತಿಗಳ ಮಿಶ್ರಸಂತಾನವೆಂದು ವಿಜ್ಞಾನಿಗಳಿಗೆ ತಿಳಿದಿತ್ತು. ಒಂದು ಕಡೆಯ ಪೂರ್ವಜ ಯಾವುದೆಂದು ತಿಳಿದಿರಲಿಲ್ಲ. ಆ ಕಾಡು ಯೀಸ್ಟ್ ದಕ್ಷಿಣ ಅಮೆರಿಕದ ಪ್ಯಾಟಗೋನಿಯದ ಕಾಡುಗಳಲ್ಲಿ ಸಿಕ್ಕಿತೆಂದು 2011ರಲ್ಲಿ ಪ್ರಕಟವಾಯಿತು.

ಬೆಲ್ಜಿಯಂನ ಬ್ರಸೆಲ್ಸ್ ಸುತ್ತಿನ ಸೆನ್ ನದಿಯ ಬಯಲಿನಲ್ಲಿ ಯೀಸ್ಟನ್ನು ಬೆರೆಸದೆಯೇ ‘ಲ್ಯಾಂಬಿಕ್’ ಎಂಬ ಬಿಯರ್ ಮಾಡುತ್ತಾರೆ. ಕುದಿಸಿದ ರಸವನ್ನು ಅಗಲವಾದ, ಆಳವಿಲ್ಲದ ತೆರೆದ ತೊಟ್ಟಿಯಲ್ಲಿ ರಾತ್ರಿಯಿಡೀ ಆರಲು ಬಿಡುತ್ತಾರೆ. ಗಾಳಿಯಲ್ಲಿ, ಕಟ್ಟಡದಲ್ಲಿ, ಹಳೆಯ ಮರದ ಪೀಪಾಯಿಗಳಲ್ಲಿ ಇರುವ ಯೀಸ್ಟ್‌ಗಳೂ ಬ್ಯಾಕ್ಟೀರಿಯಾಗಳೂ ಉಳಿದ ಕೆಲಸ ಮಾಡುತ್ತವೆ. ಬಿಯರ್ ಪಕ್ವವಾಗಲು ಒಂದರಿಂದ ಮೂರು ವರ್ಷ ಬೇಕು. ಬೇಸಿಗೆಯ ಗಾಳಿಯಲ್ಲಿ ಬೇಡದ ಜೀವಿಗಳು ಹೆಚ್ಚುವುದರಿಂದ ಚಳಿಗಾಲದ ತಿಂಗಳುಗಳಲ್ಲಿ ಮಾತ್ರ ಈ ಕೆಲಸ. ನಮ್ಮ ಇಡ್ಲಿ ಹಿಟ್ಟೂ ಇದೇ ಬಗೆಯದಲ್ಲವೇ? ನಾವು ಯೀಸ್ಟ್ ಕೊಂಡುತಂದು ಹಾಕುವುದಿಲ್ಲ; ಉದ್ದು ಅಕ್ಕಿಗಳ ಜೊತೆಗೇ ಬಂದ ಸೂಕ್ಷ್ಮಜೀವಿಗಳು ಹಿಟ್ಟನ್ನು ಹುದುಗಿಸುತ್ತವೆ.

ನಾರ್ವೆಯ ಪಶ್ಚಿಮ ಭಾಗದ ರೈತರ ಕ್ರಮ ಇನ್ನೂ ನಮಗೆ ಹತ್ತಿರ. ಅವರು ತಮ್ಮ ಮನೆಯ ಯೀಸ್ಟನ್ನು ‘ಕ್ವೈಕ್’ ಎನ್ನುತ್ತಾರೆ. ಮರದ ತುಂಡುಗಳನ್ನು ಪೋಣಿಸಿದ ಬಳೆಯೊಂದನ್ನು ಹುದುಗುತ್ತಿರುವ ಬಿಯರ್‌ನಲ್ಲಿ ಅದ್ದಿ, ಒಣಗಿಸಿ ತೂಗುಹಾಕುತ್ತಿದ್ದರು. ಮುಂದಿನ ಸಲಕ್ಕೆ ಅದೇ ಬೀಜ. ಯಾರ ಮನೆಯದಾದರೂ ಕೆಟ್ಟರೆ ನೆರೆಮನೆಯಿಂದ ಕಡ ತರುತ್ತಿದ್ದರು, ನಾವು ಹೆಪ್ಪು ತಂದಂತೆ. ಹೀಗೆ ತಲೆಮಾರುಗಳಿಂದ ಬಂದ ಈ ಯೀಸ್ಟ್ 30ರಿಂದ 40 ಡಿಗ್ರಿ ಬಿಸಿಯಲ್ಲೂ ಸೊಗಸಾಗಿ ಕೆಲಸಮಾಡುತ್ತದೆ. ಪಠ್ಯಪುಸ್ತಕದ ಯೀಸ್ಟ್‌ಗಳಿಗೆ ಅದು ಒಗ್ಗದು.

ಪ್ರಕೃತಿಯಷ್ಟೇ ಕಾನೂನೂ ರೂಢಿಯೂ ಬಗೆಗಳನ್ನು ಹುಟ್ಟಿಸಿವೆ. ಬವೇರಿಯದ ದೊರೆಗಳು 1516ರಲ್ಲಿ ಬಿಯರ್‌ಗೆ ಬಾರ್ಲಿ, ಹಾಪ್ಸ್, ನೀರು ಇಷ್ಟೇ ಹಾಕಬೇಕೆಂದು ಕಟ್ಟಳೆ ಮಾಡಿದರು. ಅದರಲ್ಲಿ ಯೀಸ್ಟ್‌ನ ಹೆಸರಿಲ್ಲ. ಅದರ ಕೆಲಸ ಏನೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಜರ್ಮನಿಯ ಕೊಲೋನ್ ನಗರದಲ್ಲಿ ‘ಕೋಲ್ಶ್’ ಎಂಬ ತಿಳಿಬಣ್ಣದ ಬಿಯರ್. ಸುಮಾರು 40 ಕಿಲೋಮೀಟರ್ ಆಚೆಯ ಡುಸೆಲ್ಡಾರ್ಫ್‌ನಲ್ಲಿ ‘ಆಲ್ಟ್’ ಎಂಬ ಕಂದು ಬಿಯರ್. ಒಂದೂರಿನವರು ಇನ್ನೊಂದೂರಿನದನ್ನು ಮೆಚ್ಚುವುದಿಲ್ಲ. ಮದ್ದೂರು ವಡೆ, ಧಾರವಾಡ ಪೇಡೆಗಳ ಅಭಿಮಾನ ಬಲ್ಲ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. 1986ರಲ್ಲಿ ಕೊಲೋನಿನ ಬ್ರೂವರಿಗಳು ಒಪ್ಪಂದ ಮಾಡಿಕೊಂಡು ಕೋಲ್ಶ್ ಹೇಗಿರಬೇಕು, ಎಲ್ಲಿ ತಯಾರಾಗಬೇಕು ಎಂದು ನಿಗದಿಮಾಡಿದವು.

ಇಷ್ಟೊಂದು ಬಗೆಗಳಿದ್ದರೆ ಅಂಗಡಿಯಲ್ಲಿ ಒಂದೇ ರುಚಿ ಏಕೆ? ಇಲ್ಲಿಂದ ಕಥೆಯ ನೋವಿನ ಭಾಗ.

19ನೆಯ ಶತಮಾನದ ಕೊನೆಗೆ ಯಂತ್ರಗಳಿಂದ ತಂಪು ಹುಟ್ಟಿಸುವುದು ಸಾಧ್ಯವಾಯಿತು; ರೈಲು ಬಂದಿತ್ತು; ಬಿಯರನ್ನು ಬಿಸಿಮಾಡಿ ಕೆಡದಂತೆ ಇಡುವ ಪಾಶ್ಚರ್ ವಿಧಾನ ಬಂದಿತ್ತು. ನೀರಿಗೆ ಜಿಪ್ಸಮ್ ಬೆರೆಸಿ ‘ಬರ್ಟನ್’ ನೀರು ಮಾಡುವುದನ್ನೂ ಕಲಿತರು. ಒಂದು ದೊಡ್ಡ ಕಾರ್ಖಾನೆ ನೂರು ಊರುಗಳಿಗೆ ಒಂದೇ ರುಚಿಯ ಬಿಯರನ್ನು ಅಗ್ಗವಾಗಿ ಕಳಿಸಬಲ್ಲದಾಯಿತು. ಸಣ್ಣ ಬ್ರೂವರಿಗಳು ಒಂದೊಂದಾಗಿ ಮುಚ್ಚಿದವು. ಅಮೆರಿಕದಲ್ಲಿ 1873ರಲ್ಲಿ 4,000ಕ್ಕೂ ಹೆಚ್ಚು ಬ್ರೂವರಿಗಳಿದ್ದವು. 1920ರಿಂದ 1933ರವರೆಗೆ ಪಾನನಿರೋಧ, ಅದರ ಹಿಂದೆಯೇ ದೊಡ್ಡ ಕಂಪನಿಗಳ ಪೈಪೋಟಿ. 1970ರ ದಶಕದ ಕೊನೆಗೆ ಉಳಿದವು ನೂರಕ್ಕೂ ಕಡಿಮೆ.

ಬೆಲ್ಜಿಯಂನ ಹೂಗಾರ್ಡನ್ ಎಂಬ ಸಣ್ಣ ಊರಿನ ಕಥೆಯನ್ನು ನೀವು ನೆನಪಿಡಬೇಕು. ಗೋಧಿ, ಕೊತ್ತಂಬರಿ ಬೀಜ, ಒಣಗಿಸಿದ ಕಿತ್ತಳೆ ಸಿಪ್ಪೆ ಹಾಕಿ ಮಾಡುವ, ಮಬ್ಬು ಬಿಳುಪಿನ ಬಿಯರ್ ಅಲ್ಲಿನ ವಿಶೇಷ. 18ನೆಯ ಶತಮಾನದಲ್ಲಿ ಆ ಪುಟ್ಟ ಊರಿನಲ್ಲೇ ಮೂವತ್ತಕ್ಕೂ ಹೆಚ್ಚು ಬ್ರೂವರಿಗಳಿದ್ದವು. ಒಂದೊಂದಾಗಿ ಮುಚ್ಚುತ್ತ ಬಂದು, 1957ರಲ್ಲಿ ಕೊನೆಯದೂ ಬಾಗಿಲು ಹಾಕಿತು. ಅಲ್ಲಿಗೆ ಆ ಬಿಯರ್ ಊರಿನಿಂದ ಮರೆಯಾಯಿತು.

ಅದೇ ಊರಿನಲ್ಲಿ ಪಿಯರ್ ಸೆಲಿಸ್ ಎಂಬ ಹಾಲು ಮಾರುವವರಿದ್ದರು. ಹುಡುಗನಾಗಿದ್ದಾಗ ಅವರು ಮನೆಯ ಹತ್ತಿರದ ಆ ಕೊನೆಯ ಬ್ರೂವರಿಯಲ್ಲಿ ಕೈಕೆಲಸ ಮಾಡಿ, ಕ್ರಮವನ್ನು ಕಣ್ಣಾರೆ ನೋಡಿದ್ದರು. ಹಳೆಯ ಬಿಳಿ ಬಿಯರ್ ಇಲ್ಲವಾಯಿತಲ್ಲ ಎಂದು ಊರವರು ಹಲುಬುತ್ತಿದ್ದುದನ್ನು ಕೇಳಿ, ನೆನಪಿನ ಬಲದ ಮೇಲೆ 1966ರಲ್ಲಿ ಅದನ್ನು ಮತ್ತೆ ತಯಾರಿಸತೊಡಗಿದರು. ಜನ ಕೈಹಿಡಿದರು, ಬೇರೆಯವರೂ ಅನುಕರಿಸಿದರು. 1985ರಲ್ಲಿ ಬ್ರೂವರಿಗೆ ಬೆಂಕಿ ಬಿತ್ತು. ಮತ್ತೆ ಕಟ್ಟಲು ದೊಡ್ಡ ಕಂಪನಿಯೊಂದರ ಹಣ ಪಡೆಯಬೇಕಾಯಿತು. ಕೊನೆಗೆ ಸಂಸ್ಥೆ ಆ ಕಂಪನಿಯ ಪಾಲಾಯಿತು. ಸೆಲಿಸ್ ಸುಮ್ಮನೆ ಕೂರಲಿಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರಕ್ಕೆ ಹೋಗಿ, ಇಳಿವಯಸ್ಸಿನಲ್ಲಿ, 1992ರಲ್ಲಿ ಅದೇ ಬಗೆಯ ಬಿಯರ್ ತೆಗೆದರು. ಪರದೇಶದಲ್ಲಿ ತಮ್ಮೂರಿನ ರುಚಿ ಸಿಗದಿದ್ದರೆ ಅದನ್ನು ತಾವೇ ಹುಟ್ಟಿಸಿದವರು ಅವರು. 2005ರಲ್ಲಿ ಹೂಗಾರ್ಡನ್‌ನ ಬ್ರೂವರಿಯನ್ನು ಮುಚ್ಚಿ ತಯಾರಿಕೆಯನ್ನು ಬೇರೆ ಊರಿಗೆ ಸಾಗಿಸುವುದಾಗಿ ಕಂಪನಿ ಸಾರಿದಾಗ ಊರವರು ಪ್ರತಿಭಟಿಸಿದರು. 2007ರಲ್ಲಿ ಆ ಯೋಜನೆ ಕೈಬಿಟ್ಟಿತು. ಸೆಲಿಸ್ 2011ರಲ್ಲಿ ತೀರಿಕೊಂಡರು. ಅವರು ಉಳಿಸಿದ ಬಗೆ ಈಗ ಹಲವು ದೇಶಗಳಲ್ಲಿ ತಯಾರಾಗುತ್ತದೆ.

ಇಂಥ ಪ್ರಯತ್ನಗಳು ಬೇರೆಡೆಯೂ ನಡೆದವು. ಇಂಗ್ಲೆಂಡಿನ ಪೀಪಾಯಿ ಏಲ್ ಮಾಯವಾಗುತ್ತಿದ್ದಾಗ 1971ರಲ್ಲಿ ನಾಲ್ವರು ತರುಣರು ‘ಕ್ಯಾಮ್ರಾ’ ಎಂಬ ಗ್ರಾಹಕರ ಚಳವಳಿ ಕಟ್ಟಿದರು. ಎಲ್ಲಿ ಒಳ್ಳೆಯ ಏಲ್ ಸಿಗುತ್ತದೆಂದು ಸದಸ್ಯರೇ ನೋಡಿಬಂದು ಬರೆದ ಕೈಪಿಡಿ 1974ರಿಂದ ಪ್ರಕಟವಾಗುತ್ತ ಬಂದಿದೆ. ಅಮೆರಿಕದಲ್ಲಿ ಮನೆಬಳಕೆಗೆ ಬಿಯರ್ ತಯಾರಿಸಲು ಅವಕಾಶ ಕೊಡುವ ಕಾನೂನಿಗೆ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದರು. ಅಡುಗೆಮನೆಯಲ್ಲಿ ಕಲಿತವರು ಮುಂದೆ ಸಣ್ಣ ಬ್ರೂವರಿಗಳನ್ನು ತೆರೆದರು. ನೂರಕ್ಕೆ ಇಳಿದಿದ್ದ ಸಂಖ್ಯೆ ಈಗ 9,000 ದಾಟಿದೆ. ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನು 2016ರಲ್ಲಿ ಯುನೆಸ್ಕೊ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾಗೆಂದು ಎಲ್ಲವೂ ಸುರಕ್ಷಿತವಲ್ಲ. ಈ ಪುನರುಜ್ಜೀವನಕ್ಕೆ ದಾರಿ ತೋರಿದ ಸ್ಯಾನ್‌ಫ್ರಾನ್ಸಿಸ್ಕೊದ ಹಳೆಯ ಆ್ಯಂಕರ್ ಬ್ರೂವರಿಯೇ 2023ರಲ್ಲಿ ಕೆಲಸ ನಿಲ್ಲಿಸಿತು.

ಈಗ ಮೊದಲಿನ ದೂರಿಗೆ ಉತ್ತರ ಕೊಡಬಹುದು. ಪರದೇಶದಲ್ಲಿ ಒಳ್ಳೆಯ ಬಿಯರ್ ಹುಡುಕುವವರು ಸಾಮಾನ್ಯವಾಗಿ ದೂರದಿಂದ ಬಂದ ದುಬಾರಿ ಬಾಟಲಿಗೆ ಕೈಹಾಕುತ್ತಾರೆ. ರಸಾಯನಶಾಸ್ತ್ರ ಬೇರೆ ಮಾತು ಹೇಳುತ್ತದೆ. ಹಾಪ್ಸ್‌ನ ಪರಿಮಳ ತಿಂಗಳುಗಳು ಕಳೆದಂತೆ ಇಳಿಯುತ್ತದೆ. ಬಿಸಿಯೂ ಆಮ್ಲಜನಕವೂ ರುಚಿಯನ್ನು ಕೆಡಿಸುತ್ತವೆ. ಬೆಳಕು ತಾಗಿದರೆ ಹಾಪ್ಸ್‌ನ ಕಹಿ ಅಂಶ ಒಡೆದು ಗಂಧಕವಿರುವ ದುರ್ವಾಸನೆಯ ವಸ್ತುವೊಂದು ಹುಟ್ಟುತ್ತದೆ. ಕಂದು ಗಾಜು ಇದನ್ನು ಬಹಳಮಟ್ಟಿಗೆ ತಡೆಯುತ್ತದೆ, ಹಸಿರು ಗಾಜು, ಬಿಳಿ ಗಾಜುಗಳು ತಡೆಯವು. ಆದ್ದರಿಂದ ಹೆಸರಿಗಿಂತ ಮೊದಲು ತಯಾರಾದ ದಿನಾಂಕ ನೋಡಬೇಕು. ಅದಕ್ಕಿಂತ ಮುಖ್ಯವಾದುದು ಕೇಳುವ ಪ್ರಶ್ನೆ. ‘ನಮ್ಮೂರಿನದು ಇಲ್ಲಿ ಸಿಗುತ್ತದೆಯೇ?’ ಎನ್ನುವ ಬದಲು ‘ಈ ಊರಿನವರು ಮಾತ್ರ ಮಾಡುವುದು ಯಾವುದು? ಅದೇಕೆ ಇಲ್ಲೇ ಹುಟ್ಟಿತು?’ ಎಂದು ಕೇಳಿದವನಿಗೆ ದಾರಿ ತೆರೆಯುತ್ತದೆ. ಬೆಲ್ಜಿಯಂನ ವೆಸ್ಟ್‌ವ್ಲೆಟೆರನ್ ಎಂಬಲ್ಲಿನ ಕ್ರೈಸ್ತ ಸನ್ಯಾಸಿಗಳ ಮಠದ ಬಿಯರ್ ಬಹುಕಾಲ ಆ ಮಠದ ಬಾಗಿಲಲ್ಲಿ ಮಾತ್ರ, ಮಿತವಾಗಿ ಸಿಗುತ್ತಿತ್ತು. ಬೇಕಾದವರು ಅಲ್ಲಿಗೇ ಹೋಗಬೇಕಿತ್ತು.

ನಿಮಗೆ ಇನ್ನೆರಡು ಎಚ್ಚರಿಕೆಯ ಮಾತು. ಬಿಯರ್ ಕೊಳ್ಳುವ ವಯಸ್ಸು ದೇಶದಿಂದ ದೇಶಕ್ಕೆ ಬೇರೆ: ಜರ್ಮನಿಯಲ್ಲಿ 16, ಅಮೆರಿಕದಲ್ಲಿ 21. ವಿದ್ಯಾರ್ಥಿಯಾಗಿ ಹೋದವರು ಅಲ್ಲಿನ ಕಾನೂನನ್ನು ಅಕ್ಷರಶಃ ಪಾಲಿಸಬೇಕು; ಕುಡಿದು ವಾಹನ ನಡೆಸುವುದಂತೂ ಎಲ್ಲಿಯೂ ಕ್ಷಮೆಯಿಲ್ಲದ ಅಪರಾಧ. ಕುಡಿಯದವರಿಗೆ ಸಂಕೋಚ ಬೇಡ. ಗ್ಲಾಸು ಮುಟ್ಟದೆಯೂ ಬ್ರೂವರಿ ನೋಡಬಹುದು, ಮಾಲ್ಟಿನ ಕಾಳು ಅಗಿದು ನೋಡಬಹುದು, ಬಾವಿಯ ನೀರಿನ ಬಗ್ಗೆ ವಿಚಾರಿಸಬಹುದು. ಕೊಲೋನಿನಲ್ಲಂತೂ ಒಂದು ಸೊಗಸಾದ ರೂಢಿ ಇದೆ. ಅಲ್ಲಿ 200 ಮಿಲಿಲೀಟರಿನ ಸಣ್ಣ ಗ್ಲಾಸು ಖಾಲಿಯಾದಂತೆಲ್ಲ ಕೇಳದೆಯೇ ಇನ್ನೊಂದು ತಂದಿಡುತ್ತಾರೆ. ಗ್ಲಾಸಿನ ಕೆಳಗಿಡುವ ರಟ್ಟಿನ ಬಿಲ್ಲೆಯನ್ನು ಗ್ಲಾಸಿನ ಮೇಲಿಟ್ಟರೆ ‘ಸಾಕು’ ಎಂದರ್ಥ. ಆ ಬಿಲ್ಲೆಯನ್ನು ಎಲ್ಲಿಡಬೇಕೆಂದು ಮೊದಲೇ ತಿಳಿದಿರುವುದು ಒಳ್ಳೆಯದು!

ಕೊನೆಯದಾಗಿ ನಮ್ಮ ರಾಗಿಯ ಮಾತು. ರಾಗಿ ಮೂಲತಃ ಪೂರ್ವ ಆಫ್ರಿಕದ ಎತ್ತರದ ನಾಡಿನ ಧಾನ್ಯ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮಲ್ಲಿಗೆ ಬಂತು. ಇಂದಿಗೂ ಉಗಾಂಡದ ತೇಸೊ ಜನ ರಾಗಿಯಿಂದ ಬಿಯರ್ ಮಾಡಿ, ಒಂದೇ ಗಡಿಗೆಗೆ ಉದ್ದನೆಯ ಕೊಳವೆಗಳನ್ನಿಟ್ಟು ಸುತ್ತ ಕುಳಿತು ಹೀರುತ್ತಾರೆ. ನೇಪಾಳ, ಸಿಕ್ಕಿಂಗಳಲ್ಲಿ ಹುದುಗಿಸಿದ ರಾಗಿಯ ಮೇಲೆ ಬಿಸಿನೀರು ಹೊಯ್ದು ಬಿದಿರಿನ ಕೊಳವೆಯಿಂದ ಹೀರುತ್ತಾರೆ, ಅದು ‘ತೊಂಗ್ಬಾ’. ನಮ್ಮ ಹಳೇ ಮೈಸೂರು ಸೀಮೆಯಲ್ಲಿ ಅದೇ ರಾಗಿ ಮುದ್ದೆಯಾಯಿತು, ಅಂಬಲಿಯಾಯಿತು. ಧಾನ್ಯ ಒಂದೇ; ನೆಲ, ಹವೆ, ಜನ ಬೇರೆಯಾದಂತೆ ರೂಪ ಬೇರೆ.

ಹೂಗಾರ್ಡನ್‌ನ ಕೊನೆಯ ಬ್ರೂವರಿ ಮುಚ್ಚಿದಾಗ ಅದರ ಕ್ರಮವನ್ನು ಕಣ್ಣಾರೆ ಕಂಡ ಒಬ್ಬ ಹುಡುಗ ಬೆಳೆದು ದೊಡ್ಡವನಾಗಿ ಅದೇ ಊರಿನಲ್ಲಿದ್ದ. ಅವನು ಇರದಿದ್ದರೆ ಆ ರುಚಿ ಮತ್ತೆ ಬರುತ್ತಿರಲಿಲ್ಲವೇನೋ. ನಿಮ್ಮ ಊರಿನಲ್ಲೂ ಒಂದೇ ಮನೆಯವರು ಮಾಡುವ ಉಪ್ಪಿನಕಾಯಿ, ಒಬ್ಬ ಅಜ್ಜಿಗೆ ಮಾತ್ರ ತಿಳಿದ ಅಂಬಲಿಯ ಹದ, ಒಬ್ಬ ರೈತರ ಹೊಲದಲ್ಲಿ ಮಾತ್ರ ಉಳಿದ ಭತ್ತದ ತಳಿ ಇರಬಹುದು. ಈ ರಜೆಯಲ್ಲಿ ಹೋಗಿ ಕೇಳಿ. ಅಳತೆ ಬರೆದುಕೊಳ್ಳಿ, ಯಾವ ನೀರು, ಎಷ್ಟು ಹೊತ್ತು, ಯಾವ ಕಾಲ ಎಂದು ವಿಚಾರಿಸಿ. ಸಾಧ್ಯವಾದರೆ ಪಕ್ಕದಲ್ಲಿ ನಿಂತು ಒಮ್ಮೆ ಕೈಯಾರೆ ಮಾಡಿ ನೋಡಿ.